ಹಳೆ ಬೂಟಿನಿಂದ ಡಿಸ್ಕ್‌ವರೆಗೆ: ಬೈಕ್ ನಿಲ್ಲಿಸುವವರ ಕಥೆ

ಬೈಕಿನ ಮಾತು ಬಂದರೆ ನಮ್ಮವರು ಕೇಳೋ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’. ಎರಡನೆಯದು, ಹುಡುಗರಾಗಿದ್ದರೆ, ‘ಎಷ್ಟು ಹೋಗುತ್ತೆ?’. ‘ಎಷ್ಟು ದೂರದಲ್ಲಿ ನಿಲ್ಲುತ್ತೆ?’ ಅಂತ ಕೇಳಿದವರನ್ನು ನಾನಂತೂ ಇದುವರೆಗೆ ನೋಡಿಲ್ಲ. ಬೈಕು ಮಾಡಿದವರೂ ನಮ್ಮ ಹಾಗೇ ಇದ್ದರು ಅನ್ನೋದು ಬ್ರೇಕಿನ ಚರಿತ್ರೆ ಓದುತ್ತಾ ಹೋದ ಹಾಗೆ ಗೊತ್ತಾಗುತ್ತೆ. ಎಂಜಿನ್ ಯಾವಾಗಲೂ ಮುಂದೆ, ಬ್ರೇಕ್ ಇಪ್ಪತ್ತು ವರ್ಷ ಹಿಂದೆ.

ನನ್ನ ಹತ್ತಿರ ಇರೋದು ಅಪ್ಪನಿಂದ ಬಂದ ಹಳೇ ಸ್ಪ್ಲೆಂಡರ್. ಎರಡೂ ಚಕ್ರಕ್ಕೆ 130 ಮಿಲಿಮೀಟರಿನ ಡ್ರಮ್. ಶೂ ಸವೆದಾಗ ನಾನೇ ಬದಲಾಯಿಸ್ತೀನಿ. ಹೀಗೆ ಬದಲಾಯಿಸುವಾಗ ತಲೆಗೆ ಬಂದ ಪ್ರಶ್ನೆ ಬಹಳ ಸರಳ: ಇದಕ್ಕೆ ‘ಶೂ’ ಅಂತ ಯಾಕೆ ಹೆಸರು? ಅರ್ಧಚಂದ್ರದ ಹಾಗಿರೋ ಅಲ್ಯೂಮಿನಿಯಂ ತುಂಡಿಗೂ ಕಾಲಿಗೆ ಹಾಕೋ ಶೂಗೂ ಏನು ಸಂಬಂಧ?

ಸಂಬಂಧ ಇದೆ ಮಾರಾಯ್ರೆ. ಯುರೋಪಿನಲ್ಲಿ ಕುದುರೆ ಗಾಡಿಗಳು ಇಳಿಜಾರು ಇಳಿಯುವಾಗ ಹಿಂದಿನ ಚಕ್ರದ ಅಡಿಗೆ ಒಂದು ಕಬ್ಬಿಣದ ತಟ್ಟೆ ಸಿಕ್ಕಿಸ್ತಿದ್ದರು. ಚಕ್ರ ಆ ತಟ್ಟೆಯ ಮೇಲೆ ಕೂತು, ತಿರುಗದೆ, ಜಾರಿಕೊಂಡು ಬರ್ತಿತ್ತು. ಚಕ್ರಕ್ಕೆ ತೊಡಿಸಿದ ಪಾದರಕ್ಷೆ ಅದು, ಹಾಗಾಗಿ ಶೂ. ಆಮೇಲೆ ಚಕ್ರದ ಅಂಚಿಗೆ ಒತ್ತುವ ಮರದ ದಿಮ್ಮಿ ಬಂತು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿ ಹೊಡೆಯುವವರು ಆ ದಿಮ್ಮಿಗೆ ಹಳೇ ಬೂಟುಗಳನ್ನೇ ಮೊಳೆ ಹೊಡೆದು ಕೂರಿಸ್ತಿದ್ದರಂತೆ. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ ‘ಇದಕ್ಕಿಂತ ಒಳ್ಳೇ ಸಾಮಾನು ಮಾಡಬಹುದಲ್ಲ’ ಅಂದುಕೊಂಡು 1897ರಲ್ಲಿ ಕೆಲಸ ಶುರು ಮಾಡಿದ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿ, ಹೆಂಡತಿ ಎಲಿಜಬೆತ್ ಹೆಸರಿನ ಒಂದು ಅಕ್ಷರ ಸೇರಿಸಿ, ಕಂಪನಿಗೆ ‘ಫೆರೋಡೊ’ ಅಂತ ಹೆಸರಿಟ್ಟ. ಇವತ್ತಿಗೂ ಬಿಡಿಭಾಗದ ಅಂಗಡಿಗಳಲ್ಲಿ ಕಾಣುವ ಹೆಸರು.

ಆಗಿನ ಮೋಟಾರ್‌ಸೈಕಲ್‌ಗಳ ಬ್ರೇಕ್ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ. ಮುಂದಿನ ಚಕ್ರಕ್ಕೆ ಸೈಕಲ್ಲಿನದೇ ಬ್ರೇಕ್. ಹಿಂದಿನ ಚಕ್ರಕ್ಕೆ ಎಂಜಿನ್ನಿನಿಂದ ಚರ್ಮದ ಬೆಲ್ಟ್ ಬರ್ತಿತ್ತಲ್ಲ, ಆ ಬೆಲ್ಟ್ ಕೂರುವ ರಿಮ್ಮಿಗೇ ಒಂದು ತುಂಡು ಒತ್ತಿ ನಿಲ್ಲಿಸೋದು. ಮಳೆ ಬಂದರೆ ಬೆಲ್ಟೂ ಜಾರುತ್ತೆ, ಬ್ರೇಕೂ ಜಾರುತ್ತೆ. ಒಂದರ್ಥದಲ್ಲಿ ನ್ಯಾಯ :-)

1902 ಬ್ರೇಕಿನ ಚರಿತ್ರೆಯಲ್ಲಿ ತಮಾಷೆಯ ವರ್ಷ. ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕನ್ನು ಇವತ್ತಿನ ರೂಪಕ್ಕೆ ತಂದದ್ದು ಅದೇ ವರ್ಷ ಅಂತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡದ್ದೂ ಅದೇ ವರ್ಷ. ಅಂದರೆ ಡ್ರಮ್ ಹಳೇದು, ಡಿಸ್ಕ್ ಹೊಸದು ಅಂತ ನಾವು ಅಂದುಕೊಂಡಿರೋದು ಸುಳ್ಳು. ಇಬ್ಬರೂ ಅವಳಿಗಳು. ಒಬ್ಬ ಕೂಡಲೇ ಕೆಲಸಕ್ಕೆ ಸೇರಿದ, ಇನ್ನೊಬ್ಬ ಐವತ್ತು ವರ್ಷ ಮನೆಯಲ್ಲೇ ಕೂತ.

ಯಾಕೆ ಕೂತ ಅನ್ನೋದು ತಿಳಿಯೋಕೆ ಡ್ರಮ್ಮಿನ ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು. ಮುಂದಿನ ಚಕ್ರದ್ದನ್ನೇ ಬಿಚ್ಚೋಣ, ಅದು ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಒಂದು ಮರದ ತುಂಡು ಕೊಡಿ. ಬ್ರೇಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಎರಡನ್ನೂ ಬಿಡಿಸಿ, ಆಕ್ಸಲ್ ನಟ್ ಬಿಚ್ಚಿ ಆಕ್ಸಲ್ ಎಳೆದರೆ ಚಕ್ರ ಕೈಗೆ ಬರುತ್ತೆ. ಪಕ್ಕದ ತಟ್ಟೆ ಎತ್ತಿದರೆ ಅದರ ಮೇಲೆ ಎರಡು ಶೂ, ನಡುವೆ ಎರಡು ಸ್ಪ್ರಿಂಗ್. ಒಂದು ತುದಿಯಲ್ಲಿ ಎರಡೂ ಶೂ ಒಂದು ಗೂಟಕ್ಕೆ ಒರಗಿವೆ. ಇನ್ನೊಂದು ತುದಿಯಲ್ಲಿ ಕ್ಯಾಮ್. ಲಿವರ್ ಎಳೆದರೆ ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತೆ, ಅವು ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ. ಅಷ್ಟೇ. ನೂರಿಪ್ಪತ್ತು ವರ್ಷದಿಂದ ಅಷ್ಟೇ.

ಆದರೆ ಅದರಲ್ಲೊಂದು ಗುಟ್ಟಿದೆ. ಚಕ್ರ ತಿರುಗುವ ದಿಕ್ಕಿನಲ್ಲಿ ನೋಡಿದರೆ ಎರಡು ಶೂಗಳೂ ಒಂದೇ ಅಲ್ಲ. ಒಂದು ಶೂವನ್ನು ಡ್ರಮ್ ತನ್ನ ಕಡೆಗೆ ಇನ್ನಷ್ಟು ಎಳೆದುಕೊಳ್ಳುತ್ತೆ, ಇನ್ನೊಂದನ್ನು ಹೊರಗೆ ತಳ್ಳುತ್ತೆ. ಮೊದಲನೆಯದು ಲೀಡಿಂಗ್ ಶೂ, ಎರಡನೆಯದು ಟ್ರೇಲಿಂಗ್ ಶೂ. ಬಾಗಿಲ ಕೆಳಗೆ ಆಪು ಸಿಕ್ಕಿಸಿದಾಗ ಬಾಗಿಲು ತಳ್ಳಿದಷ್ಟೂ ಆಪು ಬಿಗಿಯಾಗುತ್ತಲ್ಲ, ಲೀಡಿಂಗ್ ಶೂ ಹಾಗೆ. ಚಕ್ರದ ವೇಗವೇ ಬ್ರೇಕಿಗೆ ಸಹಾಯ ಮಾಡುತ್ತೆ. ಬೆರಳಿನಲ್ಲಿ ಅಷ್ಟು ಶಕ್ತಿ ಇಲ್ಲದ ಕಾಲದಲ್ಲಿ, ಅಂದರೆ ಕೇಬಲ್ ಮತ್ತು ಸರಳು ಬಿಟ್ಟು ಬೇರೆ ಏನೂ ಇಲ್ಲದ ಕಾಲದಲ್ಲಿ, ಇದು ದೊಡ್ಡ ವರ. ಕ್ಯಾಮ್ ಎರಡು ಇಟ್ಟು ಎರಡೂ ಶೂಗಳನ್ನು ಲೀಡಿಂಗ್ ಮಾಡಿದರೆ ಇನ್ನೂ ಬಲ. ಬುಲೆಟ್ಟಿನ ಮುಂಚಕ್ರಕ್ಕೆ 7 ಅಂಗುಲದ ಅಂಥ ಡ್ರಮ್ ಇತ್ತು. ಅದರ ತೊಂದರೆ ಗೊತ್ತಾಗಬೇಕಾದರೆ ಏರಿನಲ್ಲಿ ನಿಲ್ಲಬೇಕು. ಗಾಡಿ ಹಿಂದಕ್ಕೆ ಉರುಳುವಾಗ ಎರಡೂ ಟ್ರೇಲಿಂಗ್ ಆಗಿಬಿಡುತ್ತವೆ, ಮುಂದಿನ ಬ್ರೇಕ್ ಹಿಡಿದೂ ಹಿಡಿಯದ ಹಾಗೆ.

ಡಿಸ್ಕಿಗೆ ಈ ವರ ಇಲ್ಲ. ತಟ್ಟೆಯನ್ನು ಎರಡು ಕಡೆಯಿಂದ ಹಿಚುಕುವುದಷ್ಟೇ ಅದರ ಕೆಲಸ, ನೀವೆಷ್ಟು ಒತ್ತುತ್ತೀರೋ ಅಷ್ಟೇ ಹಿಡಿಯುತ್ತೆ. ಹಾಗಾಗಿ ತುಂಬಾ ಒತ್ತಬೇಕು. ಲ್ಯಾಂಚೆಸ್ಟರ್ ಬಳಿ ಒತ್ತುವ ಉಪಾಯ ಇರಲಿಲ್ಲ, ಉಜ್ಜಲು ಒಳ್ಳೇ ಸಾಮಾನೂ ಇರಲಿಲ್ಲ. ಆತ ತಾಮ್ರ ಬಳಸಿದ, ಅದು ಕಿರುಚುತ್ತಿತ್ತು, ಬೇಗ ಸವೆಯುತ್ತಿತ್ತು. ಅಂದಿನ ಧೂಳು ರಸ್ತೆಯಲ್ಲಂತೂ ಹೇಳೋದೇ ಬೇಡ.

ಉಜ್ಜುವ ಸಾಮಾನಿಗೆ ಉತ್ತರ ಕೊಟ್ಟವನು ಮತ್ತೆ ಫ್ರೂಡ್. ಹತ್ತಿ ಬಟ್ಟೆಗೆ ಅಂಟು ಕುಡಿಸಿ ಮಾಡಿದ ಲೈನಿಂಗ್ ಕಾರಿನ ಬಿಸಿಗೆ ಸುಟ್ಟುಹೋಗ್ತಿತ್ತು. ಬಿಸಿಗೆ ಜಗ್ಗದ ನಾರು ಬೇಕಿತ್ತು. ಸಿಕ್ಕಿದ್ದು ಕಲ್ನಾರು, ಆಸ್ಬೆಸ್ಟಾಸ್. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಅದು ಬ್ರೇಕಿಗೆ ಬಂತು, ಮುಂದೆ ಎಪ್ಪತ್ತು ಎಂಬತ್ತು ವರ್ಷ ಪ್ರಪಂಚದ ಬಹುಪಾಲು ಬ್ರೇಕುಗಳು ಅದರ ಮೇಲೇ ನಿಂತವು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ತೀರಿಕೊಂಡಳು. ವಯಸ್ಸು 33. ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುವುದು ಅವಳ ಕೆಲಸ. ಶ್ವಾಸಕೋಶದ ತುಂಬ ಆ ನಾರಿನ ಚೂರುಗಳು ಎಂದು ಡಾ. ವಿಲಿಯಂ ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಂಪನಿ ಪರಿಹಾರ ಕೊಡಲಿಲ್ಲ. ಅದೇ ದಶಕದಲ್ಲಿ ಟರ್ನರ್ ಕಂಪನಿ ಬೆಳೆದು ಟರ್ನರ್ ಅಂಡ್ ನ್ಯೂವಾಲ್ ಆಗಿ ಫೆರೋಡೊವನ್ನೂ ಕೊಂಡುಕೊಂಡಿತು. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಎಪ್ಪತ್ತೈದು ವರ್ಷ! ನಮ್ಮಲ್ಲಿ ಅದರ ಗಣಿಗಾರಿಕೆ ನಿಂತಿದೆ, ಆದರೆ ಬಿಳಿ ಕಲ್ನಾರಿನ ಆಮದು, ಬಳಕೆ ನಿಂತಿಲ್ಲ. ಒಳ್ಳೇ ಕಂಪನಿಯ ಶೂಗಳ ಡಬ್ಬದ ಮೇಲೆ ‘ಆಸ್ಬೆಸ್ಟಾಸ್ ಇಲ್ಲ’ ಅಂತ ಬರೆದಿರುತ್ತೆ. ಬರೆಯದೇ ಇರುವ, ಅರ್ಧ ಬೆಲೆಗೆ ಸಿಗುವ ಶೂಗಳಲ್ಲಿ ಏನಿದೆಯೋ ಮಾರುವವನಿಗೂ ಗೊತ್ತಿರಲ್ಲ. ಗ್ಯಾರೇಜುಗಳಲ್ಲಿ ಹದಿನಾರು ಹದಿನೇಳರ ಹುಡುಗರು ಡ್ರಮ್ ಬಿಚ್ಚಿದ ಕೂಡಲೇ ಬಾಯಿಂದ ‘ಫೂ’ ಅಂತ ಊದುತ್ತಾರಲ್ಲ, ಕೆಲವು ಕಡೆ ಗಾಳಿ ಪೈಪೇ ಹಿಡಿಯುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ರಾಚ್‌ಡೇಲ್ ನೆನಪಾಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಕಟ್ಟಿ ಎಸೆದರೆ ಆಯ್ತು. ಒಂದು ನಿಮಿಷದ ಕೆಲಸ. ನಿಮ್ಮ ಗ್ಯಾರೇಜಿನ ಹುಡುಗನಿಗೆ ದಯವಿಟ್ಟು ಹೇಳಿ.

ಮತ್ತೆ ನಮ್ಮ ಬಿಚ್ಚಿಟ್ಟ ಚಕ್ರಕ್ಕೆ ಬರೋಣ. ಎರಡು ಶೂಗಳನ್ನು ಪುಸ್ತಕ ಮಡಚುವ ಹಾಗೆ ಒಟ್ಟಿಗೆ ಮಡಚಿದರೆ ಸ್ಪ್ರಿಂಗ್ ಸಮೇತ ಹೊರಬರುತ್ತವೆ, ಹೊಸದನ್ನು ಹಾಕುವುದೂ ಹಾಗೇ. ಲೈನಿಂಗ್ 2 ಮಿಲಿಮೀಟರಿಗೆ ಬಂದಿದ್ದರೆ ಯೋಚನೆ ಬೇಡ, ಬದಲಾಯಿಸಿ. ಡ್ರಮ್ಮಿನ ಒಳಗೆ ಗರಿಷ್ಠ ವ್ಯಾಸ ಎಷ್ಟಿರಬಹುದು ಎಂದು ಕೆತ್ತಿರುತ್ತೆ, ಅದನ್ನು ಯಾರೂ ಓದುವುದಿಲ್ಲ, ನೀವು ಓದಿ. ಕ್ಯಾಮಿಗೂ ಗೂಟಕ್ಕೂ ಒಂದಿಷ್ಟೇ ಗ್ರೀಸ್, ಲೈನಿಂಗಿಗೆ ಒಂದು ಹನಿಯೂ ತಾಗಬಾರದು. ಡ್ರಮ್ಮಿನ ಹೊಳಪನ್ನು ಉಪ್ಪುಕಾಗದದಲ್ಲಿ ಸ್ವಲ್ಪ ತೆಗೆಯಿರಿ. ಆಕ್ಸಲ್ ನಟ್ ಬಿಗಿ ಮಾಡುವಾಗ ಬ್ರೇಕ್ ಲಿವರ್ ಒತ್ತಿ ಹಿಡಿದುಕೊಂಡಿರಿ, ಶೂಗಳು ತಾವಾಗಿ ನಡುವೆ ಕೂರುತ್ತವೆ. ಮೊದಲ ಕೆಲವು ದಿನ ಮೆತ್ತಗೆ ಓಡಿಸಿ, ಲೈನಿಂಗಿನ ಮೈ ಡ್ರಮ್ಮಿನ ಮೈಗೆ ಹೊಂದಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಡ್ರಮ್ ಸೋಲುವ ಜಾಗ ಒಂದಿದೆ: ಬಿಸಿ. ಎಂಜಿನಿಯರಿಂಗ್‌ನಲ್ಲಿ ಓದಿದ್ದನ್ನು ಎಲ್ಲಾದರೂ ಬಳಸಬೇಕಲ್ಲ, ಹಾಗಾಗಿ ಲೆಕ್ಕ ಹಾಕಿದೆ. ಬೈಕು, ನಾನು, ಬ್ಯಾಗು ಸೇರಿ 200 ಕೆಜಿ ಅಂತಿಟ್ಟುಕೊಳ್ಳಿ. 60 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಬ್ರೇಕುಗಳು ನುಂಗಬೇಕಾದದ್ದು ಸುಮಾರು 28 ಕಿಲೋಜೌಲ್. ಕಾಲು ಲೀಟರ್ ನೀರನ್ನು 27 ಡಿಗ್ರಿಯಷ್ಟು ಬಿಸಿ ಮಾಡುವ ಶಾಖ ಅದು. ವೇಗ 80 ಆದರೆ 49 ಕಿಲೋಜೌಲ್, ಯಾಕಂದರೆ ವೇಗದ ವರ್ಗದ ಲೆಕ್ಕ. ಒಂದು ಸಲ ನಿಂತರೆ ಪರವಾಗಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನ್ಯೂಟ್ರಲ್‌ನಲ್ಲಿ, ಬರೀ ಬ್ರೇಕಿನ ಮೇಲೆ ಇಳಿದು ನೋಡಿ... ಬೇಡ, ನೋಡಬೇಡಿ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತೆ, ಲೈನಿಂಗಿನ ಹಿಡಿತವೂ ಕಡಿಮೆಯಾಗುತ್ತೆ. ಲಿವರ್ ಹ್ಯಾಂಡಲ್‌ಬಾರಿಗೆ ತಾಗಿದರೂ ಬೈಕ್ ಕೇಳೋದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ ಅಂತ ಹಿರಿಯರು ಹೇಳೋದು ಇದಕ್ಕೇ.

ಡಿಸ್ಕ್ ಬಯಲಲ್ಲಿ ಗಾಳಿಗೆ ಕೂತಿರುತ್ತೆ, ಬಿಸಿಯಾಗಿ ದಪ್ಪವಾದರೂ ಪ್ಯಾಡಿನ ಕಡೆಗೇ ಬರುತ್ತೆ. ಒತ್ತುವ ಉಪಾಯವೂ ಅಷ್ಟರಲ್ಲಿ ಸಿಕ್ಕಿತ್ತು. ಮಾಲ್ಕಂ ಲೋಗ್‌ಹೆಡ್ ಎಂಬ ಅಮೆರಿಕದವನು ದ್ರವದ ಒತ್ತಡದಿಂದ ಬ್ರೇಕ್ ಹಾಕುವ ವಿಧಾನ ಕಂಡುಹಿಡಿದ, 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಅದು ಬಂತು. (ವಿಮಾನದ ಲಾಕ್‌ಹೀಡ್ ಹೆಸರು ಈ ಅಣ್ಣತಮ್ಮಂದಿರದ್ದೇ. ಜನ ತಪ್ಪಾಗಿ ಉಚ್ಚರಿಸಿ ಸಾಕಾಗಿ ಹೆಸರಿನ ಕಾಗುಣಿತವನ್ನೇ ಬದಲಿಸಿಬಿಟ್ಟರು!) ಕೊನೆಗೆ 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ ಟೈಪ್ ಮೊದಲನೆಯದಾಗಿ ಬಂತು. ಎದುರಾಳಿಗಳ ಬಳಿ ಎಂಜಿನ್ ಬಲ ಹೆಚ್ಚಿತ್ತು. ಆದರೆ ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಜಾಗ್ವಾರಿನವರು ಎಷ್ಟೋ ತಡವಾಗಿ ಬ್ರೇಕ್ ಹಿಡಿದರೂ ನಡೆಯುತ್ತಿತ್ತು. ಹಾಗೆ ಗೆದ್ದರು. ಲ್ಯಾಂಚೆಸ್ಟರ್ ಇದನ್ನು ನೋಡಲಿಲ್ಲ, 1946ರಲ್ಲೇ ತೀರಿಕೊಂಡಿದ್ದ.

ಎರಡು ಚಕ್ರದ ಗಾಡಿಗೆ ಡಿಸ್ಕ್ ಮೊದಲು ಬಂದದ್ದು ಯಾವುದೋ ರೇಸ್ ಬೈಕಿನಿಂದ ಅಂದುಕೊಂಡಿದ್ದರೆ ಅಲ್ಲ, ಸ್ಕೂಟರಿನಿಂದ. ದೊಡ್ಡ ಸಂಖ್ಯೆಯಲ್ಲಿ ತಯಾರಾದವುಗಳಲ್ಲಿ ಮೊದಲನೆಯದು 1962ರ ಲ್ಯಾಂಬ್ರೆಟ್ಟಾ ಟಿವಿ 175. ಅದಕ್ಕೆ ದ್ರವ ಇರಲಿಲ್ಲ, ಕೇಬಲ್ಲೇ. ಆದರೆ ಪ್ರಪಂಚವನ್ನು ಬದಲಿಸಿದ್ದು 1969ರ ಹೋಂಡಾ ಸಿಬಿ 750. ಅದರ ಹಿಂದೊಂದು ಕಥೆಯಿದೆ. ಬೈಕಿನ ವಿನ್ಯಾಸದ ಮುಖ್ಯಸ್ಥ ಯೋಶಿರೊ ಹರಾದ ಡ್ರಮ್, ಡಿಸ್ಕ್ ಎರಡನ್ನೂ ಯಜಮಾನರ ಮುಂದಿಟ್ಟರು. ಡಿಸ್ಕ್ ಇನ್ನೂ ಪಳಗಿರಲಿಲ್ಲ, ಮಾರಾಟದ ದಿನ ಹತ್ತಿರ ಬರುತ್ತಿತ್ತು. ಸೊಯಿಚಿರೊ ಹೋಂಡಾ ಒಂದು ಕ್ಷಣವೂ ಯೋಚಿಸದೆ ಡಿಸ್ಕ್ ಅಂದರಂತೆ. ರಿಲೀಸ್ ಹತ್ತಿರ ಬಂದಾಗ ಇಂಥ ಮಾತು ಹೇಳುವ ಮ್ಯಾನೇಜರ್ ನಮ್ಮ ಉದ್ಯಮದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ :-) ಸುಮಾರು 200 ಕಿ.ಮೀ. ವೇಗದ ಬೈಕು ಅದು. ಎಂಜಿನ್ ಜೊತೆಜೊತೆಗೇ ಬ್ರೇಕನ್ನೂ ಬೆಳೆಸಿದ ಅಪರೂಪದ ಪ್ರಸಂಗ. 1972ಕ್ಕೆ ನಾರ್ಟನ್ ಕಮಾಂಡೊಗೂ ಮುಂದೆ ಡಿಸ್ಕ್ ಬಂತು.

ಹಾಗಂತ ಡಿಸ್ಕ್ ಬಂದ ದಿನವೇ ಎಲ್ಲ ಸರಿಹೋಗಲಿಲ್ಲ. ತುಕ್ಕು ಹಿಡಿಯಬಾರದು, ಹೊಳೆಯಬೇಕು ಅಂತ ಜಪಾನಿನವರು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಹಾಕಿದರು. ಮಳೆಯಲ್ಲಿ ಲಿವರ್ ಎಳೆದರೆ ಒಂದೆರಡು ಕ್ಷಣ ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತಿತ್ತು. ಲೋಹದ ಪುಡಿಯಿಂದ ಮಾಡಿದ ಪ್ಯಾಡ್ ಬರುವವರೆಗೂ, ಅಂದರೆ ಎಪ್ಪತ್ತರ ದಶಕದ ಕೊನೆಯವರೆಗೂ, ಇದೇ ಗೋಳು. ಮಳೆಗಾಲದ ಮಲೆನಾಡಿನಲ್ಲಿ ಅಂಥ ಬೈಕನ್ನು ನೆನೆಸಿಕೊಳ್ಳಿ. ಅದಲ್ಲದೆ ಬ್ರೇಕ್ ಆಯಿಲ್ ಗಾಳಿಯಿಂದ ನೀರು ಕುಡಿಯುತ್ತೆ. ಡಾಟ್ 4 ಅನ್ನುವ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಆ ಅಂಕಿ 155ಕ್ಕೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮಲ್ಲಿ ಗಾಡಿ ಮಾರುವಾಗಲೂ ಬದಲಾಯಿಸಿರುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿದ್ದು 1960ರಲ್ಲಿ. ಜೆಕೊಸ್ಲೊವಾಕಿಯಾದ ಜಾವಾ, ಆಮೇಲೆ ಎಪ್ಪತ್ತರ ದಶಕದಿಂದ ಯೆಜ್ಡಿ. ಎರಡೂ ಕಡೆ ಡ್ರಮ್. ಆ ಕಾಲದ ವೇಗಕ್ಕೆ, ಆ ಕಾಲದ ಖಾಲಿ ರಸ್ತೆಗೆ ಅದು ಸಾಕಿತ್ತು. ಸಾಲದೇ ಹೋದದ್ದು 1983ರಲ್ಲಿ. ಎಸ್ಕಾರ್ಟ್ಸ್‌ನವರು ಯಮಹಾದ ಆರ್‌ಡಿ 350 ಬೈಕನ್ನು ರಾಜದೂತ್ 350 ಹೆಸರಿನಲ್ಲಿ ಇಲ್ಲಿ ತಂದರು. ಜಪಾನಿನ ಮೂಲ ಬೈಕಿಗೆ ಮುಂದೆ ಡಿಸ್ಕ್ ಇತ್ತು. ಇಲ್ಲಿಗೆ ಬರುವಾಗ ಡಿಸ್ಕ್ ಹೋಗಿ ಡ್ರಮ್ ಬಂತು. ಎಂಜಿನ್ನಿನ ಬಲವನ್ನೂ ಇಳಿಸಿದರು ನಿಜ, ಆದರೂ 30 ಅಶ್ವಶಕ್ತಿಯ ಹತ್ತಿರ. ಯೆಜ್ಡಿಯ ಹೆಚ್ಚುಕಡಿಮೆ ಎರಡು ಪಟ್ಟು! ಆರ್‌ಡಿ ಅಂದರೆ ‘ರ‍್ಯಾಪಿಡ್ ಡೆತ್’ ಅಂತ ಜನ ಆಡಿಕೊಂಡರು. ಬಹಳ ಜನ ಅದನ್ನು ಬೈಕಿನ ಶಕ್ತಿಗೆ ಕೊಟ್ಟ ಹೊಗಳಿಕೆ ಅಂತಲೇ ಇವತ್ತಿಗೂ ಹೇಳುತ್ತಾರೆ. ನನಗೆ ಅದು ಬ್ರೇಕಿನ ಮೇಲಿನ ದೂರು ಅಂತ ಅನ್ನಿಸುತ್ತೆ. ಹೋಗುವುದನ್ನು ಕೊಟ್ಟು ನಿಲ್ಲುವುದನ್ನು ಕಿತ್ತುಕೊಂಡರೆ ಹುಡುಗರು ಏನು ಮಾಡಬೇಕು?

ಎಂಬತ್ತರ ಕೊನೆಯಲ್ಲಿ ಎನ್‌ಫೀಲ್ಡ್ ಫ್ಯೂರಿಗೆ ಇಟಲಿಯ ಬ್ರೆಂಬೊ ಡಿಸ್ಕ್ ಬಂತು, ಆದರೆ ಆ ಬೈಕು ಓಡಲಿಲ್ಲ. 1999ರ ಹೀರೊ ಹೋಂಡಾ ಸಿಬಿಝಡ್, 2001ರ ಪಲ್ಸರ್ ಬಂದ ಮೇಲಷ್ಟೇ ಡಿಸ್ಕ್ ನಮ್ಮ ಬೀದಿಗೆ ಇಳಿದದ್ದು. ಸಿಬಿ 750ಯಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷ.

ಎಬಿಎಸ್ ಕಥೆ ಇನ್ನೂ ಸೊಗಸು. ವಿಮಾನಕ್ಕೆಂದು ಮಾಡಿದ ಮ್ಯಾಕ್ಸರೆಟ್ ಎಂಬ ಸಾಧನವನ್ನು 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ಒಂದು ಬೈಕಿಗೆ ಕೂರಿಸಿ ಪರೀಕ್ಷಿಸಿದರು. ಯಾವ ಬೈಕು ಗೊತ್ತಾ? ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೋರ್! ಚಕ್ರ ಕಚ್ಚಿಕೊಂಡು ಜಾರುವುದು ಕಡಿಮೆಯಾಗುತ್ತೆ ಅಂತ ಗೊತ್ತಾಯಿತು, ಕಂಪನಿಗೆ ಆಸಕ್ತಿ ಹುಟ್ಟಲಿಲ್ಲ. ಬೈಕಿನಲ್ಲಿ ಎಬಿಎಸ್ ಮಾರಾಟಕ್ಕೆ ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ 100 ಜೊತೆ, ಅದೂ ಸುಮಾರು 11 ಕೆಜಿ ಭಾರ ಹೊತ್ತುಕೊಂಡು. ನಮ್ಮಲ್ಲಿ 2011ರಲ್ಲಿ ಟಿವಿಎಸ್ ಅಪಾಚೆಗೆ ಬಂತು. ಆಮೇಲೆ ಸರಕಾರ ನಿಯಮ ಮಾಡಿತು: 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಒಂದು ಬ್ರೇಕ್ ಒತ್ತಿದರೆ ಎರಡೂ ಹಿಡಿಯುವ ಸಿಬಿಎಸ್. ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಎಲ್ಲಕ್ಕೂ 2019ರ ಏಪ್ರಿಲ್‌ನಿಂದ. 1958ರಲ್ಲಿ ಪರೀಕ್ಷೆಗೆ ಕೂತ ಕಂಪನಿಯ ಹೆಸರಿನ ಬೈಕಿಗೆ ಭಾರತದ ರಸ್ತೆಯಲ್ಲಿ ಎಬಿಎಸ್ ಸಿಕ್ಕಿದ್ದು ಈ ನಿಯಮದ ಹೊತ್ತಿಗೆ. ಅರವತ್ತು ವರ್ಷ.

ಸಿಬಿಎಸ್ ಯಾಕೆ ಬೇಕಾಯಿತು ಅಂದರೆ, ನಾವು ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ. ಸೈಕಲ್ ಕಲಿಯುವಾಗಲೇ ಶುರು, ‘ಮುಂದಿನ ಬ್ರೇಕ್ ಹಿಡೀಬೇಡ, ಮಗುಚ್ತೀಯ’ ಅಂತ. ನನಗೂ ಸೋದರಮಾವ ಹಾಗೇ ಹೇಳಿಕೊಟ್ಟಿದ್ದು. ಲೆಕ್ಕ ಬೇರೆಯೇ ಹೇಳುತ್ತೆ. ಜೋರಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತೆ. ನನ್ನ ಸ್ಪ್ಲೆಂಡರಿನ ಚಕ್ರಗಳ ಅಂತರ, ಕೂತವನ ಎತ್ತರ ಇಟ್ಟು ಲೆಕ್ಕ ಹಾಕಿದರೆ ಆ ಹೊತ್ತಿನಲ್ಲಿ ಒಟ್ಟು ಭಾರದ ಮುಕ್ಕಾಲು ಭಾಗ ಮುಂದಿನ ಚಕ್ರದ ಮೇಲಿರುತ್ತೆ. ಹಿಂದಿನ ಬ್ರೇಕ್ ಒಂದನ್ನೇ ತುಳಿಯುವವನು ಉಳಿದ ಕಾಲು ಭಾಗವನ್ನು ನಂಬಿಕೊಂಡು ನಿಲ್ಲಲು ನೋಡುತ್ತಿದ್ದಾನೆ. ಹಗುರವಾದ ಆ ಚಕ್ರ ಕಚ್ಚಿಕೊಂಡು ಪಕ್ಕಕ್ಕೆ ಜಾರುತ್ತೆ, ಬೀಳುತ್ತಾನೆ, ಮತ್ತೆ ಬ್ರೇಕನ್ನೇ ಬೈಯುತ್ತಾನೆ. ಮುಂದಿನದನ್ನು ಒಮ್ಮೆಲೇ ಕಿತ್ತು ಎಳೆಯದೆ, ಹಿಂಡುವ ಹಾಗೆ ಎಳೆದರೆ ಡ್ರಮ್ಮಿನಲ್ಲೂ ಚೆನ್ನಾಗಿ ನಿಲ್ಲಬಹುದು. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಅಭ್ಯಾಸ ಮಾಡಿ.

ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತೆ: ಹಿಂದಿನ ಚಕ್ರಕ್ಕೆ ಡ್ರಮ್ ಇದ್ದರೆ ಅವಮಾನ ಏನಿಲ್ಲ. ಮಾಡಬೇಕಾದ ಕೆಲಸ ಕಡಿಮೆ, ಕೆಸರು ಒಳಗೆ ಹೋಗುವುದಿಲ್ಲ, ಶೂಗಳ ಬೆಲೆ ಕೆಲವು ನೂರು ರೂಪಾಯಿ, ಬಿಚ್ಚಲು ಎರಡು ಪಾನಾ ಸಾಕು. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಬಂದಾಗ (ಈಗ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ) ಮುಂದೆ ಎಬಿಎಸ್ ಇರುವ ಡಿಸ್ಕ್, ಹಿಂದೆ ಡ್ರಮ್ ಕೊಟ್ಟಿದ್ದರು. ಹಿಂದೆಯೂ ಡಿಸ್ಕ್ ಬೇಕು ಅಂತ ಗಲಾಟೆಯಾಗಿ ಕೆಲವೇ ವಾರಗಳಲ್ಲಿ ಅದನ್ನೂ ಪ್ರಕಟಿಸಬೇಕಾಯಿತು. ಕೊಳ್ಳುವವರು ಕೊನೆಗೂ ಬ್ರೇಕಿನ ಬಗ್ಗೆ ಜಗಳ ಮಾಡಿದರಲ್ಲ ಅಂತ ನನಗೆ ಖುಷಿಯೇ ಆಯಿತು, ಜಗಳ ಮಾಡಿದ್ದು ತಪ್ಪು ಚಕ್ರಕ್ಕಾಗಿ ಆದರೂ.

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಹುಟ್ಟಿದ ಗಾಡಿಗಳು ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು, ಮೈಸೂರುಗಳಲ್ಲಿ ಸಾಲಾಗಿ ಹೊರಡುತ್ತವೆ. ಸಿಕ್ಕರೆ ರಸ್ತೆ ಬದಿ ನಿಂತು ನೋಡಿ. ಎಲ್ಲರೂ ಹೊಗೆ, ಸದ್ದು ನೋಡುತ್ತಾರೆ. ನೀವು ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಅವರು ಬಿಟ್ಟಿರುವ ಜಾಗ ನೋಡಿ.